ನಳಿಗೆಯ ಮೇಲಿನ ಬೊಟ್ಟು

ಚುನಾವಣೆ ಬಂತೆಂದರೆ ನಮ್ಮ ಯಜಮಾನರ ಎರಡು ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕು. "ತವರಿಗೆ ಹೋದವು" ಎಂದು ನಾನು ನಗುತ್ತೇನೆ. ಅವರಿಗೆ ಮಾತ್ರ ಅವು ವಾಪಸು ಬರುವವರೆಗೆ ಊಟ ಸೇರುವುದಿಲ್ಲ. ಹಾಗೆಂದು ಅವರೇನೂ ಬೇಟೆಗಾರರಲ್ಲ. ಹುಲಿ ನೋಡಬೇಕೆನಿಸಿದರೆ ಎಲ್ಲರಂತೆ ತ್ಯಾವರೆಕೊಪ್ಪದ ಸಫಾರಿಗೆ ಟಿಕೆಟ್ ತೆಗೆದುಕೊಳ್ಳುವವರು ನಾವು. ಅವರಿಗೆ ಬೇಕಾದದ್ದು ಹಳೆಯ ಮರ, ಹಳೆಯ ಉಕ್ಕು, ಎಣ್ಣೆಯ ಆ ವಾಸನೆ. ಭಾನುವಾರ ನನ್ನ ಹಳೇ ವಾಯಿಲ್ ಸೀರೆಯ ತುಂಡು ಹಿಡಿದು ಒರೆಸುತ್ತಾ ಕೂತರೆ ಕಾಫಿ ಆರಿದ್ದೂ ತಿಳಿಯದು.

ನನಗೆ ಆ ರುಚಿ ಹತ್ತಿದ್ದು ಭದ್ರಾವತಿಯ ಜನ್ನಾಪುರದಲ್ಲಿ, ಅವರ ಸೋದರತ್ತೆಯ ಮನೆಯಲ್ಲಿ. ಅಲ್ಲೊಂದು ಹಳೆಯ ಇಂಗ್ಲಿಷ್ ರೈಫಲ್ ಇತ್ತು. ಮಾವ ತೀರಿಕೊಂಡ ಮೇಲೆ ಲೈಸೆನ್ಸ್ ಅತ್ತೆಯ ಹೆಸರಿಗೇ ಆಗಿತ್ತು. ಟ್ರಿಗರಿನ ಮೇಲಿನ ಉಕ್ಕಿನಲ್ಲಿ ಹುಲ್ಲಿನ ನಡುವೆ ತಲೆಯೆತ್ತಿದ ಒಂದು ಜಿಂಕೆಯ ಕೆತ್ತನೆ. ಕಾನ್ವೆಂಟಿನಲ್ಲಿ ಸಿಸ್ಟರ್ ನಮ್ಮಿಂದ ಬಿಚ್ಚಿಸಿ ಬಿಚ್ಚಿಸಿ ಹಾಕಿಸುತ್ತಿದ್ದ ಸಣ್ಣ ಹೊಲಿಗೆಗಳಷ್ಟು ನಾಜೂಕು. ಉಕ್ಕಿನ ಮೇಲೆ ಕಸೂತಿ ಹಾಕಿದವರ ಕೈ ಹೇಗಿದ್ದೀತು ಎಂದು ನೋಡುತ್ತಲೇ ಇರುತ್ತಿದ್ದೆ.

ಹೋದ ವರ್ಷ ಅತ್ತೆ ನಮ್ಮನ್ನು ಕರೆಸಿದರು.

"ರಿನ್ಯೂವಲ್ಲು ಅಂತ ಇನ್ನು ಶಿವಮೊಗ್ಗಕ್ಕೆ ಓಡಾಡಕ್ಕೆ ನನ್ನ ಮಂಡಿ ಕೇಳಲ್ಲ ಮಾರಾಯ. ನೀನು ಇಟ್ಕೋತೀಯೋ, ಸರ್ಕಾರಕ್ಕೆ ಒಪ್ಪಿಸ್ಲೋ?"

ಸರ್ಕಾರಕ್ಕೆ ಹೋದರೆ ಮತ್ತೆ ಕಣ್ಣಿಗೆ ಬೀಳುವುದಿಲ್ಲ. ಯಜಮಾನರು ಮಗುವನ್ನು ಎತ್ತಿಕೊಳ್ಳುವಂತೆ ಅದನ್ನೆತ್ತಿ, ಖಾಲಿಯಿದೆಯೇ ಎಂದು ನೋಡಿ, ಕಿಟಕಿಯ ಬೆಳಕಿಗೆ ಹಿಡಿದರು.

"ಅತ್ತೆ, ನಳಿಗೆ ಮೇಲೆ ಇಲ್ಲಿ ತುಕ್ಕು ತಿಂದಿದೆ. ಪರವಾಗಿಲ್ಲ ಬಿಡಿ, ಉಜ್ಜಿಸಿ ಕಪ್ಪು ಬಣ್ಣ ಏರಿಸಿದ್ರೆ ಹೊಸದಾಗುತ್ತೆ."

ಅತ್ತೆ ಕೋವಿಯನ್ನು ಅವರ ಕೈಯಿಂದ ಮೆಲ್ಲಗೆ ತೆಗೆದುಕೊಂಡರು. "ಕಾಫಿ ಕುಡ್ದು ಹೊರಡಿ. ನಾಳೆ ಒಪ್ಪಿಸಿಬಿಡ್ತೀನಿ."

ಯಜಮಾನರ ಮುಖ ನೋಡುವಂತಿರಲಿಲ್ಲ. ನನ್ನ ಕಣ್ಣು ಮಾತ್ರ ಆ ತುಕ್ಕಿನ ಮೇಲಿತ್ತು. ತುಕ್ಕು ಮನಬಂದಂತೆ ಹರಡುತ್ತದೆ, ಇದು ದುಂಡಗಿತ್ತು. ಅದೇ ಅಳತೆಯ ಕೆಂಪು ಬೊಟ್ಟು ಅತ್ತೆಯ ಹೊಲಿಗೆ ಮಷೀನಿನ ಮೇಲೂ ಇತ್ತು, ಈಳಿಗೆಮಣೆಯ ಮೇಲೂ ಇತ್ತು.

"ಇದು ಆಯುಧಪೂಜೆ ಕುಂಕುಮ ಅಲ್ವಾ ಅತ್ತೆ? ನಿಮ್ಮ ಬೆರಳಿಂದು."

ಅತ್ತೆ ಉಂಗುರದ ಬೆರಳನ್ನು ಕಲೆಯ ಮೇಲಿಟ್ಟರು. ಸರಿಯಾಗಿ ಕೂತಿತು.

"ಮದುವೆಯಾದ ವರ್ಷದಿಂದ ಕಣಮ್ಮ. 'ಉಕ್ಕಿಗೆ ಕುಂಕುಮ ಹಚ್ಬೇಡ ಕಣೇ, ತಿನ್ನುತ್ತೆ' ಅಂತ ನಿಮ್ಮ ಮಾವ ಪ್ರತಿ ಸಲ ಬೈಯೋರು. ಬೈದು, ಅಷ್ಟು ಜಾಗ ಬಿಟ್ಟು ಸುತ್ತ ಎಣ್ಣೆ ಒರೆಸೋರು."

ಯಜಮಾನರು ತಲೆ ಕೆರೆದುಕೊಂಡರು. "ಅದನ್ನ ಮುಟ್ಟಲ್ಲ ಅತ್ತೆ."

"ನಿನ್ನ ನಂಬಲ್ಲ. ಇವಳ ಹೆಸರಿಗಾದ್ರೆ ಕೊಡ್ತೀನಿ."

"ನಂಗಾ? ನಾನು ಜಿರಲೆ ಕಂಡ್ರೂ ಮಂಚ ಹತ್ತೋಳು ಅತ್ತೆ."

"ಜಿರಲೆಗೆ ಯಾಕೆ ರೈಫಲ್ಲು, ಮಾರಾಯ್ತಿ?"

ಹೇಗೂ ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಕೋವಿ ಇರುವಂತಿಲ್ಲ. ಯಜಮಾನರು ತಕ್ಷಣ ಒಪ್ಪಿದರು. ವಿಚಾರಣೆಗೆ ಮನೆಗೆ ಬಂದ ಪೊಲೀಸರು ಅವರನ್ನೇ ನೋಡುತ್ತಾ, "ಲೈಸೆನ್ಸ್ ನಿಮಗಾ ಸಾರ್?" ಎಂದರು. "ಅಲ್ಲ, ಅಡುಗೆಮನೇಲಿದ್ದಾರೆ" ಎಂದರು ಇವರು. ನಾನು ಲಟ್ಟಣಿಗೆ ಹಿಡಿದೇ ಹೊರಗೆ ಬಂದೆ.

ಈ ಸಲದ ಆಯುಧಪೂಜೆಗೆ ಶಿವಮೊಗ್ಗದ ಗಾಂಧಿ ಬಜಾರಿನಿಂದ ಸೇವಂತಿಗೆ ತಂದೆವು. ಮೂರೂ ಕೋವಿಗಳನ್ನು ಮಣೆಯ ಮೇಲಿಟ್ಟು, ಕುಂಕುಮ ಕಲಸಿ, ನನ್ನ ರೈಫಲಿನ ಹಳೆಯ ಕಲೆಯ ಮೇಲೆ ಬೆರಳಿಟ್ಟೆ. ನನ್ನ ಬೆರಳು ಸಣ್ಣದು. ನನ್ನ ಬೊಟ್ಟು ಅತ್ತೆಯ ಬೊಟ್ಟಿನೊಳಗೇ ಕೂತಿತು. ಸಂಜೆ ಅವರ ಫೋನ್ ಬಂತು.

"ಹಚ್ಚಿದ್ಯಾ?"

"ಹಚ್ಚಿದೆ ಅತ್ತೆ."

"ಅವನು ಬೈದ್ನಾ?"

"ಬೈದ್ರು. ಉಕ್ಕು ತಿನ್ನುತ್ತೆ ಅಂತ."

"ಹಾಂ," ಎಂದರು ಅತ್ತೆ, "ಹಾಗಾದ್ರೆ ಸರಿ."