ನಿಮಗಿನ್ನು ಆಟೋನೇ ಸರಿ

ಬನಶಂಕರಿ ಬಸ್ ನಿಲ್ದಾಣದಲ್ಲಿ ಒಬ್ಬಳೇ ಹೆಂಗಸು ಒಂದಷ್ಟು ಹೊತ್ತು ಸುಮ್ಮನೆ ಕೂತರೆ ಜನ ಬಿಡುವುದಿಲ್ಲ. ಯಾರಿಗೆ ಕಾಯ್ತಿದೀರಾ, ಎಲ್ಲಿಗೆ ಹೋಗ್ಬೇಕು, ಆಗ್ಲೇ ಬಸ್ ಬಂತಲ್ಲ ಯಾಕೆ ಹತ್ತಲಿಲ್ಲ ಎಂದು ಕೇಳುತ್ತಾರೆ. ಕೇಳದವರು ನೋಡುತ್ತಾರೆ. ಬಸ್ಸು ನೋಡುವುದಕ್ಕೆಂದೇ ಬಂದಿದ್ದೇನೆ ಎಂದು ನಾನು ಯಾರಿಗೂ ಹೇಳಿದವಳಲ್ಲ. ಗಂಡಸು ಹಾಗೆ ಹೇಳಿದರೆ ಹುಚ್ಚು ಎಂದು ನಕ್ಕು ಸುಮ್ಮನಾಗುತ್ತಾರೆ. ನಾನು ಹೇಳಿದ್ದರೆ ಮನೆಯಲ್ಲೇನೋ ತೊಂದರೆ ಇರಬೇಕು ಅಂದುಕೊಳ್ಳುತ್ತಿದ್ದರು.

ಈ ಗೀಳು ನನಗೆ ಅಮ್ಮನಿಂದ ಬಂದದ್ದು. ನಾವು ಚಿಕ್ಕಲಸಂದ್ರದವರು. ನಾನು ಚಿಕ್ಕವಳಿದ್ದಾಗ ಅಲ್ಲಿಗೆ ಬಸ್ಸು ಬರುವುದೇ ಅಪರೂಪವಾಗಿತ್ತು. ಭಾನುವಾರ ಮಧ್ಯಾಹ್ನ ಪಾತ್ರೆ ತೊಳೆದು ಅಡುಗೆಮನೆ ಸಾರಿಸಿದ ಮೇಲೆ ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, “ಬಾರೇ, ಸುಮ್ನೆ ಹೋಗ್ಬರೋಣ” ಎನ್ನುತ್ತಿದ್ದಳು. ಮಾರ್ಕೆಟ್ಟಿನವರೆಗೆ ಹೋಗುತ್ತಿದ್ದೆವು. ಅಲ್ಲಿ ಏನೂ ಕೊಳ್ಳದೆ ಅದೇ ಬಸ್ಸು ತಿರುಗುವುದನ್ನೇ ಕಾದು ವಾಪಸು ಬರುತ್ತಿದ್ದೆವು. ನಾನು ಮುಂದಿನ ಸೀಟಿನಲ್ಲಿ ಕೂತು ಡ್ರೈವರ್ ಗೇರು ಹಾಕುವ ಕೈಯನ್ನೇ ನೋಡುತ್ತಿದ್ದೆ. ಅಮ್ಮ ಕಿಟಕಿಗೆ ತಲೆ ಆನಿಸಿಕೊಂಡಿರುತ್ತಿದ್ದಳು. ವಾರವಿಡೀ ಅವಳು ಕಾಲು ಚಾಚಿ ಕೂತದ್ದನ್ನು ನಾನು ನೋಡಿದ್ದು ಬಸ್ಸಿನಲ್ಲಿ ಮಾತ್ರ.

ಮದುವೆಯಾದದ್ದು ಸ್ಕೂಟರ್ ಬಿಟ್ಟು ಬೇರೆ ಗಾಡಿಯನ್ನೇ ಹತ್ತದ ಮನುಷ್ಯನನ್ನು. ಜಯನಗರದ ಸಹಕಾರ ಸಂಘವೊಂದರಲ್ಲಿ ನನಗೆ ಗುಮಾಸ್ತೆಯ ಕೆಲಸ ಸಿಕ್ಕಿತು. “ನಾನೇ ಬಿಟ್ಬರ್ತೀನಿ” ಎಂದು ಗಂಡ ಎಷ್ಟು ಹೇಳಿದರೂ ನಾನು ಬಸ್ಸಿಗೇ ಹೋಗುತ್ತಿದ್ದೆ. ಯಾಕೆಂದು ಅವರಿಗೆ ಅರ್ಥವಾಗಲಿಲ್ಲ, ಆದರೆ ತಡೆಯಲೂ ಇಲ್ಲ.

ಮೇಷ್ಟ್ರು ಸಿಕ್ಕಿದ್ದು ಬನಶಂಕರಿ ನಿಲ್ದಾಣದಲ್ಲೇ. ಹೊಸ ಮಾದರಿಯ ಬಸ್ಸೊಂದು ನಮ್ಮ ರೂಟಿಗೆ ಬಂದಿದೆ ಎಂದು ಕೇಳಿ, ಅದಕ್ಕಾಗಿ ಎರಡು ಹಳೇ ಬಸ್ಸುಗಳನ್ನು ಬಿಟ್ಟು ಕೂತಿದ್ದೆ. ಪಕ್ಕದಲ್ಲಿ ಬಿಳಿ ಅಂಗಿಯ ಹಿರಿಯರೊಬ್ಬರು ನಿಂತಿದ್ದರು. ಅವರೂ ಎರಡನ್ನೂ ಬಿಟ್ಟಿದ್ದರು.

“ಮೇಡಂ, ನೀವೂ ಆ ಗಾಡಿಗೇನಾ ಕಾಯ್ತಿರೋದು?” ಎಂದರು.

ಹೌದು ಎಂದಾಗ ಅವರ ಮುಖ ಅರಳಿದ್ದು ಈಗಲೂ ಕಣ್ಣ ಮುಂದಿದೆ. ಅವರು ನಿವೃತ್ತ ಗಣಿತದ ಮೇಷ್ಟ್ರು. ಜಯನಗರ ಒಂಬತ್ತನೇ ಬ್ಲಾಕಿನಲ್ಲಿ ಸ್ವಂತ ಮನೆ. ಹಾರ್ನ್ ಕೇಳಿಯೇ ಯಾವ ಇಂಜಿನ್ನು ಎಂದು ಹೇಳುತ್ತಿದ್ದರು. ಅವತ್ತಿನಿಂದ ನಾವು ಜೊತೆಯಾದೆವು. ಅವರು ಪಕ್ಕದಲ್ಲಿದ್ದರೆ ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಎಷ್ಟು ಹೊತ್ತು ಬೇಕಾದರೂ ನಿಂತು ನೋಡಬಹುದಿತ್ತು. ನನ್ನ ಊರಿನ ನಿಲ್ದಾಣದಲ್ಲಿ ನಿಲ್ಲುವುದಕ್ಕೆ ನನಗೊಬ್ಬ ಗಂಡಸಿನ ರಹದಾರಿ ಬೇಕಾಯಿತಲ್ಲ ಎಂದು ಆಗ ಅನ್ನಿಸಿರಲಿಲ್ಲ. ಜೊತೆ ಸಿಕ್ಕಿತು ಎಂಬ ಖುಷಿಯೊಂದೇ ಇತ್ತು.

ಕೆಲವು ವರ್ಷಗಳ ಮೇಲೆ ಮೂರನೆಯವನೊಬ್ಬ ಸೇರಿದ. ಗದಗಿನವನು, ಬಿಟಿಎಂನಲ್ಲಿ ಬಾಡಿಗೆಗಿದ್ದು ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡುತ್ತಿದ್ದ. ಅವನು ಬೆಳೆದದ್ದೇ ರೈಲು ಹಳಿಯ ಪಕ್ಕದ ಮನೆಯಲ್ಲಂತೆ. ರೈಲಿನ ಸದ್ದಿಲ್ಲದೆ ಬೆಂಗಳೂರಿನಲ್ಲಿ ನಿದ್ದೆಯೇ ಬರುವುದಿಲ್ಲ ಎನ್ನುತ್ತಿದ್ದ. ನನ್ನನ್ನು ಬಾಯಿ ತುಂಬಾ “ಅಕ್ಕಾರ” ಎಂದು ಕರೆಯುತ್ತಿದ್ದ.

ಭಾನುವಾರ ನಮ್ಮ ದಿನ. ಗೊಟ್ಟಿಗೆರೆಗೆ ಹೋಗಿ ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಇನ್ನೆಲ್ಲಿಗೋ ಹೋಗುತ್ತಿದ್ದೆವು. ರೈಲಿನಲ್ಲಿ ಹೊಸೂರಿಗೆ ಹೋಗಿ ಪ್ಲಾಟ್‌ಫಾರಂ ಮೇಲೆಯೇ ಚಿತ್ರಾನ್ನದ ಡಬ್ಬಿ ಬಿಚ್ಚಿ ತಿಂದು ಮರಳಿದ್ದೂ ಉಂಟು. ಹೊಸಕೆರೆಹಳ್ಳಿಗೆ ಬೆಳಗಿನ ಬಸ್ಸು ಬೇಕು, ಇಲ್ಲೊಂದು ತಂಗುದಾಣ ಬೇಕು ಎಂದು ಅರ್ಜಿ ಬರೆದು ಮೂವರೂ ಸಹಿ ಹಾಕಿ ಕಚೇರಿಗೆ ಕೊಟ್ಟು ಬರುತ್ತಿದ್ದೆವು. ಅರ್ಜಿಯ ಭಾಷೆ ನನ್ನದು, ಮೊದಲ ಸಹಿ ಮೇಷ್ಟ್ರದು. ಎಷ್ಟೇ ಮಳೆಯಿರಲಿ, ಮೇಷ್ಟ್ರು ಆಟೋ ಹತ್ತಿದವರಲ್ಲ. “ಆಟೋ ಹತ್ತೋದು ಅಂದ್ರೆ ಸೋತ ಹಾಗೆ” ಎನ್ನುತ್ತಿದ್ದರು.

ಮಾರೇನಹಳ್ಳಿ ರಸ್ತೆಯಲ್ಲಿ ಮೆಟ್ರೋ ಹಳದಿ ಮಾರ್ಗದ ಕಂಬಗಳು ಏಳತೊಡಗಿದಾಗ ನಮಗೆ ಹಬ್ಬ. ರಾಗಿಗುಡ್ಡದ ಹತ್ತಿರ ಧೂಳು ಕುಡಿಯುತ್ತಾ ನಿಂತು ಕಂಬದ ಮೇಲೆ ತೊಲೆ ಕೂರಿಸುವುದನ್ನು ನೋಡುತ್ತಿದ್ದೆವು. ಶುರುವಾದ ದಿನವೇ ಮೂವರೂ ಮುಂದಿನ ಬೋಗಿಯಲ್ಲಿ ಹೋಗಬೇಕೆಂದು ಮಾತಾಗಿತ್ತು. ವರ್ಷವರ್ಷವೂ ಅದು ಮುಂದಕ್ಕೆ ಹೋಗುತ್ತಲೇ ಇತ್ತು. “ಶುರು ಆಗೋದ್ರೊಳಗೆ ನಾನೇ ಹೋಗ್ಬಿಡ್ತೀನೇನೋ” ಎಂದು ಮೇಷ್ಟ್ರು ನಗುತ್ತಿದ್ದರು.

ಅದು ಶುರುವಾಗುವ ಹಿಂದಿನ ವರ್ಷ, ದೀಪಾವಳಿ ಕಳೆದ ಮೇಲೆ, ನಾನು ಬಿದ್ದೆ. ಸಂಜೆ ಕೆಲಸ ಮುಗಿಸಿ ಬರುತ್ತಿದ್ದೆ. ಮನೆ ಹತ್ತಿರದ ಸ್ಟಾಪಿನಲ್ಲಿ ಹಣ್ಣಿನ ಗಾಡಿ ಮತ್ತು ಎರಡು ಆಟೋ ನಿಂತಿದ್ದವು. ಬಸ್ಸು ರಸ್ತೆಯ ನಡುವೆಯೇ ನಿಲ್ಲಬೇಕಾಯಿತು. ಇಳಿದೆ. ಹಿಂದಿನಿಂದ ಬೈಕೊಂದು ಹಾರ್ನ್ ಹೊಡೆಯುತ್ತಾ ಬಂತು ಎಂದು ಸರಕ್ಕನೆ ಬದಿಗೆ ಸರಿದು ಕಾಲಿಟ್ಟೆ. ಕಾಲಿಟ್ಟ ಕಡೆ ಚರಂಡಿಯ ಮೇಲೆ ಚಪ್ಪಡಿ ಇರಲಿಲ್ಲ. ಮೊಣಕಾಲಿನ ಕೆಳಗೆ ಮೂಳೆ ಎರಡು ಕಡೆ ಮುರಿಯಿತು. ಆಪರೇಷನ್ ಮಾಡಿ ರಾಡ್ ಹಾಕಿದರು.

ಆಸ್ಪತ್ರೆಯಿಂದ ಮನೆಗೆ ಬಂದ ವಾರ ಇಬ್ಬರೂ ನೋಡಲು ಬಂದರು. ಗದಗಿನವನ ಕೈಯಲ್ಲಿ ಮೂಸಂಬಿಯ ಚೀಲ. ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತು ಕೇಳಿದ ಮೊದಲ ಮಾತು: “ಯಾವ ಗಾಡಿ?”

ನನಗೆ ನಗು ಬಂತು. “ಹೊಸದು ಸಾರ್. ಎಲೆಕ್ಟ್ರಿಕ್.”

“ಅದಾದ್ರೆ ಮೆಟ್ಲು ತಗ್ಗಲ್ಲಿರತ್ತಲ್ಲ. ಬೀಳಬಾರ್ದಾಗಿತ್ತು.”

ಮತ್ತೆ ಆ ಗಾಡಿಯ ಬಾಗಿಲು, ಅದರ ಬ್ಯಾಟರಿ ಎಲ್ಲಿರುತ್ತದೆ, ಮಳೆಗಾಲದಲ್ಲಿ ಹೇಗೆ ಓಡಿತು ಎಂದೆಲ್ಲ ಇಬ್ಬರೂ ಮಾತಾಡಿದರು. ನಾನೂ ದಿಂಬಿಗೆ ಒರಗಿ ಮಾತಾಡಿದೆ. ಕಾಫಿ ಕೊಟ್ಟು ಬಾಗಿಲಲ್ಲಿ ನಿಂತಿದ್ದ ನನ್ನ ಗಂಡ, ಅವರು ಹೋದ ಮೇಲೆ ಲೋಟ ಎತ್ತಿಕೊಳ್ಳುತ್ತಾ, “ಕಾಲು ಹೇಗಿದೆ ಅಂತ ಅವ್ರಿಬ್ರಲ್ಲಿ ಒಬ್ರಾದ್ರೂ ಕೇಳಿದ್ರೇನೇ?” ಎಂದರು.

“ನಮ್ಮ ಮಾತು ನಿಮಗೆ ಗೊತ್ತಾಗಲ್ಲ ಬಿಡಿ” ಎಂದು ನಾನು ಅವರ ಮೇಲೇ ರೇಗಿದೆ.

ಕೋಲು ಹಿಡಿದು ನಡೆಯುವ ಹಾಗಾಗುವಷ್ಟರಲ್ಲಿ ಬೇಸಿಗೆ ಬಂತು. ಆ ಹೊತ್ತಿಗೆ ಮನೆಯಲ್ಲೇ ಕೂತು ಒಂದು ಅರ್ಜಿ ಬರೆದಿದ್ದೆ. ಸ್ಟಾಪಿನಲ್ಲಿ ಬೇರೆ ಗಾಡಿ ನಿಲ್ಲಿಸಬಾರದು, ಬಸ್ಸು ಅಂಚಿಗೆ ಬಂದು ನಿಲ್ಲುವಂತಾಗಬೇಕು, ಚರಂಡಿಗೆ ಚಪ್ಪಡಿ ಹಾಕಬೇಕು, ಇಷ್ಟೇ. ಜಯನಗರ ನಾಲ್ಕನೇ ಬ್ಲಾಕಿನ ದರ್ಶಿನಿಯಲ್ಲಿ ಅವರಿಬ್ಬರನ್ನೂ ಕಂಡು ಅದನ್ನು ಮುಂದಿಟ್ಟೆ. ಮೇಷ್ಟ್ರು ಕನ್ನಡಕ ಹಾಕಿಕೊಂಡು ಓದಿ ಮಡಿಸಿ ನನ್ನ ಕಡೆಗೇ ತಳ್ಳಿದರು.

“ಇದಕ್ಕೆ ನಾನು ಸಹಿ ಹಾಕಲ್ಲ.”

“ಯಾಕೆ ಸಾರ್?”

“ಜನ ಬಸ್ ಹತ್ಲಿ ಅಂತ ನಾವು ಇಷ್ಟು ವರ್ಷ ಒದ್ದಾಡ್ತಿದೀವಿ. ಈಗ ನಾವೇ ಬಸ್ಸಿಂದ ಇಳಿದೋರು ಕಾಲು ಮುರ್ಕೋತಾರೆ ಅಂತ ಬರೆದುಕೊಟ್ರೆ? ಕಾರಿನೋರ ಬಾಯಿಗೆ ನಾವೇ ಮಾತು ಹಾಕಿದ ಹಾಗಾಗತ್ತೆ.”

“ನಾನು ಡ್ರೈವರ್ ತಪ್ಪು ಅಂದಿಲ್ಲ. ಬಸ್ಸಿಂದು ಅಂತಾನೂ ಬರೆದಿಲ್ಲ. ಬಿದ್ದಿದ್ದಂತೂ ನಿಜ ಅಲ್ವಾ?”

“ಬಿದ್ದಿದ್ದು ನಿಮ್ಮ ಕಷ್ಟ ಮೇಡಂ. ನಾವು ಮಾಡ್ತಿರೋದು ಸಾರ್ವಜನಿಕ ಕೆಲಸ.”

ಗದಗಿನವನ ಕಡೆ ನೋಡಿದೆ. ಅವನು ಇಡ್ಲಿಯನ್ನು ಚಟ್ನಿಯಲ್ಲಿ ಅದ್ದುತ್ತಾ, “ಸರ್ ಹೇಳೂದ್ರಾಗೂ ಅರ್ಥ ಐತ್ರೀ ಅಕ್ಕಾರ” ಎಂದ. ತಲೆ ಮೇಲೆತ್ತಲಿಲ್ಲ.

ಆ ಅರ್ಜಿಯನ್ನು ನಾನೊಬ್ಬಳೇ ಸಹಿ ಹಾಕಿ ಕಳಿಸಿದೆ. ಉತ್ತರ ಬರಲಿಲ್ಲ. ಆ ಗುಂಡಿಯ ಮೇಲೆ ಹಣ್ಣಿನ ಗಾಡಿಯವನೇ ಎಲ್ಲಿಂದಲೋ ಹಲಗೆಯೊಂದನ್ನು ತಂದು ಹಾಕಿದ್ದ. ಆಮೇಲೆ ಕಲ್ಲೂ ಬಂತು. ಅರ್ಜಿಯಿಂದ ಬಂತೋ, ತಾನಾಗಿ ಬಂತೋ ತಿಳಿಯದು.

ಅಷ್ಟಾದರೂ ನಾನು ಅವರನ್ನು ಬಿಡಲಿಲ್ಲ. ಒಂದು ಭಾನುವಾರ ಮತ್ತೆ ಹೋಗೋಣ ಎಂದು ನಾನೇ ಹಟ ಹಿಡಿದೆ. ಬಂದದ್ದು ಹಳೇ ಬಸ್ಸು, ಮೆಟ್ಟಿಲು ಎತ್ತರ. ಕೋಲನ್ನು ಮೊದಲು ಒಳಗಿಟ್ಟು, ಕಂಬಿ ಹಿಡಿದು, ಸರಿಯಿರುವ ಕಾಲನ್ನು ಎತ್ತಿ, ಇನ್ನೊಂದನ್ನು ಎಳೆದುಕೊಳ್ಳಬೇಕು. ಹಿಂದಿನಿಂದ ಯಾರೋ “ಆಂಟಿ, ಬೇಗ ಹತ್ತಿ” ಎಂದರು. ಹತ್ತಿ ತಲೆ ಎತ್ತಿ ನೋಡಿದರೆ ಮೇಷ್ಟ್ರು ಆಗಲೇ ಮುಂದೆ ಹೋಗಿ, ತಮಗಿಷ್ಟವಾದ ಸೀಟು ಹಿಡಿದು, ಕಿಟಕಿಯಾಚೆ ನೋಡುತ್ತಿದ್ದರು. ನನ್ನ ಜೊತೆಗೆ ಬಂದವರೇ ಅಲ್ಲವೇನೋ ಎಂಬ ಹಾಗೆ. ಗದಗಿನವನು ಅವರ ಪಕ್ಕದಲ್ಲಿದ್ದ.

ಜೆ.ಪಿ. ನಗರದಲ್ಲಿ ಇಳಿದು ನಾನು ಏದುಸಿರು ಬಿಡುತ್ತಾ ನಿಂತಾಗ ಮೇಷ್ಟ್ರು ಹತ್ತಿರ ಬಂದರು. ಸಿಟ್ಟಿರಲಿಲ್ಲ ಅವರಿಗೆ. ಕ್ಲಾಸಿನಲ್ಲಿ ಲೆಕ್ಕ ಬಾರದ ಹುಡುಗಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದರು: “ನೋಡಿಮ್ಮ, ನಿಮಗಿನ್ನು ಆಟೋನೇ ಸರಿ.”

ಆಟೋದಲ್ಲೇ ಮನೆಗೆ ಹೋದೆ. ಗಂಡ ಕೇಳಿದ್ದಕ್ಕೆ ಬಸ್ಸು ಸಿಗಲಿಲ್ಲ ಎಂದೆ.

ಆಗಸ್ಟಿನಲ್ಲಿ ಹಳದಿ ಮಾರ್ಗ ಶುರುವಾಯಿತು. ಜನರಿಗೆ ಬಾಗಿಲು ತೆರೆದ ಮೊದಲ ದಿನ ಬೆಳಗ್ಗೆ ಆರ್.ವಿ. ರಸ್ತೆ ಸ್ಟೇಷನ್ನಿನ ಮೆಟ್ಟಿಲ ಬಳಿ ಸೇರುವುದೆಂದು ನಮ್ಮ ಮೂವರ ವಾಟ್ಸಾಪ್ ಗುಂಪಿನಲ್ಲಿ ಮಾತಾಗಿತ್ತು. ನಾನು ಬರುತ್ತೇನೆಂದು ಬರೆದಿದ್ದೆ. ಯಾರೂ ಬೇಡವೆನ್ನಲಿಲ್ಲ. ನೂಕುನುಗ್ಗಲು ಇರುತ್ತದೆಂದು ಗಂಡ ರಜೆ ಹಾಕಿ ನನ್ನ ಜೊತೆ ಬಂದರು. ಹೇಳಿದ ಹೊತ್ತಿಗಿಂತ ಮುಂಚೆಯೇ ಹೋಗಿ ನಿಂತೆವು. ಹೊತ್ತು ಮೀರಿತು. ಫೋನ್ ಮಾಡಿದರೆ ಇಬ್ಬರೂ ಎತ್ತಲಿಲ್ಲ. ಆಮೇಲೆ ಫೋಟೋ ಬಂತು. ಮುಂದಿನ ಬೋಗಿಯಲ್ಲಿ ಇಬ್ಬರೂ ಹಲ್ಲು ಬಿಟ್ಟುಕೊಂಡು ನಿಂತಿದ್ದರು. ಅದರ ಹಿಂದೆಯೇ ಗದಗಿನವನ ಕರೆ ಬಂತು.

“ಅಕ್ಕಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಾವು ಜಲ್ದಿ ಬಂದ್ವಿ. ಮುಂದಿನ ಡಬ್ಬಿ ಸಿಕ್ತ್ರೀ, ಬಿಟ್ಟು ಇಳಿಯಾಕ ಮನಸ್ ಬರ್ಲಿಲ್ಲ. ಸರ್ ಕಡೆ ಕೊಡ್ತೀನಿ, ಮಾತಾಡ್ರಿ.”

ಮೇಷ್ಟ್ರ ದನಿಯಲ್ಲಿ ಉತ್ಸಾಹ ಉಕ್ಕುತ್ತಿತ್ತು. “ಈ ರಶ್ಶಲ್ಲಿ ನಿಮಗೆ ಕಷ್ಟ ಆಗತ್ತೆ ಅಂತಾನೇ ಮೇಡಂ. ಇನ್ನೊಂದಿನ ನಿಧಾನಕ್ಕೆ ಕರ್ಕೊಂಡ್ ಹೋಗ್ತೀವಿ.”

ಇಷ್ಟು ವರ್ಷ ನಮ್ಮ ನಡುವೆ ಇದ್ದದ್ದು “ಹೋಗೋಣ” ಎಂಬ ಮಾತು. “ಕರ್ಕೊಂಡ್ ಹೋಗ್ತೀವಿ” ಎಂದು ಅವರು ಅಂದದ್ದು ಅದೇ ಮೊದಲು. ನಾನು ಫೋನಿಟ್ಟೆ.

“ಮನೆಗೆ ಹೋಗೋಣ್ವಾ?” ಎಂದು ಗಂಡ ಕೇಳಿದರು.

“ಇಲ್ಲ. ಹತ್ತೋಣ.”

ಲಿಫ್ಟಿನಲ್ಲಿ ಮೇಲೆ ಹೋದೆವು. ರೈಲು ಬಂದು ನಿಂತಿತು. ಪ್ಲಾಟ್‌ಫಾರಮ್ಮಿನ ನೆಲವೂ ರೈಲಿನ ನೆಲವೂ ಒಂದೇ ಸಮ. ಎತ್ತುವ ಕಾಲಿಲ್ಲ, ಎಳೆಯುವ ಕಾಲಿಲ್ಲ. ಸುಮ್ಮನೆ ನಡೆದು ಒಳಗೆ ಹೋದೆ. ಕಾಲು ಮುರಿದ ಮೇಲೆ ಯಾವ ಕಂಬಿಯನ್ನೂ ಹಿಡಿಯದೆ ನಾನು ಹತ್ತಿದ ಮೊದಲ ಗಾಡಿ ಅದು. ಯಾವ ರೈಲು ನನಗೆ ಕಷ್ಟವಾಗುತ್ತದೆಂದು ಅವರು ಬಿಟ್ಟುಹೋದರೋ ಅದಕ್ಕಿಂತ ಸುಲಭದ ಗಾಡಿ ಈ ಊರಿನಲ್ಲಿ ನನಗೆ ಇನ್ನೊಂದಿಲ್ಲ. ಇದು ಅವರಿಗೆ ಗೊತ್ತಿರಲಿಲ್ಲವೇ? ಯಾವ ಗಾಡಿಯ ನೆಲ ಎಷ್ಟು ಎತ್ತರ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವವರು ಅವರು.

ಕಾಲೇಜು ಹುಡುಗಿಯೊಬ್ಬಳು ಎದ್ದು ಸೀಟು ಕೊಟ್ಟಳು. ರಾಗಿಗುಡ್ಡ ದಾಟಿತು, ಬಿಟಿಎಂನ ತಾರಸಿಗಳ ಮೇಲೆ ಒಣಗಲು ಹಾಕಿದ ಬಟ್ಟೆಗಳು ಕಂಡವು. ಸಿಲ್ಕ್ ಬೋರ್ಡಿನಲ್ಲಿ ಕೆಳಗೆ ಗಾಡಿಗಳು ಎಂದಿನಂತೆ ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಸಂತೋಷವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆಯಿತು, ಎದೆ ತುಂಬುವಷ್ಟು ಆಯಿತು. ಅವರ ಮೇಲೆ ಸಿಟ್ಟು ಮಾಡಿಕೊಂಡು ಕೂರಲೂ ಆಗದ ಹಾಗೆ ಸಂತೋಷವಾಗುತ್ತಿದೆಯಲ್ಲ ಎಂದು ಇನ್ನಷ್ಟು ಸಿಟ್ಟು ಬಂತು. ಪಕ್ಕದಲ್ಲಿ ಕಂಬಿ ಹಿಡಿದು ನಿಂತಿದ್ದ ಗಂಡನಿಗೆ, “ಈ ತಿರುವು ನೋಡಿ, ಎಷ್ಟು ಚೆನ್ನಾಗಿ ತಗೊಂತು” ಎಂದೆ.

“ಹೂಂ” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಎಲ್ಲಿ ಇಳೀಬೇಕು?” ಎಂದರು.

“ಎಲ್ಲೂ ಇಲ್ಲ. ಕೊನೇವರೆಗೂ ಹೋಗಿ ವಾಪಸ್ ಬರೋದು.”

“ಸರಿ” ಎಂದು ಮೊಬೈಲ್ ತೆಗೆದರು. ಒಳ್ಳೆಯ ಮನುಷ್ಯ. ನಾನು ಬೀಳದಿರಲೆಂದು ಬಂದಿದ್ದರು, ರೈಲು ನೋಡಲು ಬಂದಿರಲಿಲ್ಲ. ಆ ತಿರುವಿನ ಮಾತಿಗೆ ಹತ್ತು ಮಾತು ಸೇರಿಸಬಲ್ಲ ಇಬ್ಬರು ಇನ್ನೊಂದು ರೈಲಿನಲ್ಲಿ ನಾನಿಲ್ಲದೆಯೂ ಖುಷಿಯಾಗಿದ್ದರು.

ಮೇಷ್ಟ್ರು ಹೇಳಿದ ಆ “ಇನ್ನೊಂದಿನ” ಬರಲೇ ಇಲ್ಲ. ನಾನು ಕೇಳಲಿಲ್ಲ, ಅವರು ಕರೆಯಲಿಲ್ಲ. ಗುಂಪಿನಲ್ಲಿ ಭಾನುವಾರಗಳ ಫೋಟೋಗಳು ಬರುತ್ತಲೇ ಇದ್ದವು, ಇಬ್ಬರವು. ನೋಡುವುದಿಲ್ಲ ಎಂದುಕೊಂಡು ಎಲ್ಲವನ್ನೂ ನೋಡಿದೆ. ಈಗ ವಾರಕ್ಕೊಮ್ಮೆ ಒಬ್ಬಳೇ ಮೆಟ್ರೋದಲ್ಲಿ ಹೋಗಿಬರುತ್ತೇನೆ. ಕೋಲು ಹಿಡಿದ ಹೆಂಗಸನ್ನು ಯಾರೂ ಏನೂ ಕೇಳುವುದಿಲ್ಲ, ಆಸ್ಪತ್ರೆಗೆ ಹೊರಟಿದ್ದಾಳೆ ಎಂದುಕೊಳ್ಳುತ್ತಾರೆ.

ಕಳೆದ ತಿಂಗಳು ಮೇಷ್ಟ್ರ ಫೋನ್ ಬಂತು. ಏನೂ ಆಗಿಯೇ ಇಲ್ಲವೆಂಬಂತೆ ಮಾತಿಗೆ ಶುರುಮಾಡಿದರು. ಗೊಟ್ಟಿಗೆರೆ ಕಡೆಯ ಹೊಸ ಮಾರ್ಗದಲ್ಲಿ ಖಾಲಿ ರೈಲು ಓಡಿಸಿ ನೋಡುತ್ತಿದ್ದಾರಂತೆ. ಬನ್ನೇರುಘಟ್ಟ ರಸ್ತೆಯಲ್ಲಿ ನಿಂತು ನೋಡಿದರಂತೆ. ಸದ್ದು ಬೇರೆಯಾಗಿದೆ, ಬ್ರೇಕ್ ಹಾಕುವಾಗ ಕೊನೆಯಲ್ಲಿ ಸಣ್ಣಗೆ ಸಿಳ್ಳೆ ಹೊಡೆದ ಹಾಗೆ ಕೇಳುತ್ತದೆ ಎಂದರು. ಇಟ್ಟುಬಿಡಬೇಕೆಂದುಕೊಂಡೆ. ಆದರೆ, “ಸಿಳ್ಳೆ ಅಂದ್ರೆ ಹೇಗೆ ಸಾರ್? ಬ್ರೇಕಿನ ಏರ್‌ದಾ, ಮೋಟರ್‌ದಾ?” ಎಂದು ನನ್ನ ಬಾಯಿ ತಾನೇ ಕೇಳಿತು. ಒಲೆಯ ಮೇಲಿನ ಸಾರು ಉಕ್ಕಿ ಗ್ಯಾಸ್ ಆರುವವರೆಗೂ ಮಾತಾಡಿದೆವು. ಈ ಊರಿನಲ್ಲಿ ಆ ಸಿಳ್ಳೆಯ ಬಗ್ಗೆ ನನ್ನ ಜೊತೆ ಅಷ್ಟು ಹೊತ್ತು ಮಾತಾಡುವ ಬೇರೆ ಯಾರಿದ್ದಾರೆ?

“ಇರಲಿ ಮೇಡಂ, ಮತ್ತೆ ಮಾಡ್ತೀನಿ” ಎಂದು ಅವರು ಇಟ್ಟರು. ಭಾನುವಾರ ಬರ್ತೀರಾ ಎಂದು ಕೇಳಲಿಲ್ಲ. ಕೇಳುತ್ತಾರೇನೋ ಎಂದು ನಾನು ಫೋನನ್ನು ಇನ್ನೂ ಕಿವಿಗೇ ಹಿಡಿದುಕೊಂಡಿದ್ದೆ.