ನೀಲಿಗಟ್ಟಿದ ಮೊನೆ

ಸಾಣೆಯಕ್ಕ ಅಂಗಡಿಗೆ ಬಂದ ಸರಕಾಗಿದ್ದರೆ ಯಾರೂ ಎರಡನೇ ಸಲ ತಿರುಗಿ ನೋಡುತ್ತಿರಲಿಲ್ಲ. ಎತ್ತರ ಕಡಿಮೆ, ತೂಕ ಅದಕ್ಕಿಂತ ಕಡಿಮೆ. ಎಡಗೆನ್ನೆಯ ಮೇಲೆ ಕಿಡಿ ಹಾರಿದ ಚುಕ್ಕೆಗಳು, ಬಲಗೈ ಹೆಬ್ಬೆರಳಿಗೆ ಉಗುರೇ ಇಲ್ಲ. ಹೊಳಪು ಸೊನ್ನೆ. ಗ್ಯಾರಂಟಿ ಮಾತ್ರ ಗಟ್ಟಿ: ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಅಲಗನ್ನೂ ಕೆಡಿಸಿದವಳಲ್ಲ. ಎದುರು ಸಾಲಿನ ಪಾತ್ರೆ ಅಂಗಡಿಯವನು, ಅಂದರೆ ಇದನ್ನು ಬರೆಯುತ್ತಿರುವವನು, ಚಾಕು ಮಾರುವಾಗಲೆಲ್ಲ "ಮೊಂಡಾದ್ರೆ ಎದುರಿಗೆ ಕೊಡಿ" ಎಂದು ಅವಳನ್ನೂ ಸೇರಿಸಿಯೇ ಮಾರುತ್ತಿದ್ದ. ಪಾಪ, ತನಗೆ ಬಿಟ್ಟಿ ಪ್ರಚಾರ ಮಾಡುತ್ತಾನೆ ಎಂದು ಅವಳು ತಿಳಿದಿದ್ದಳು. ಆ ಮಾತಿನಿಂದ ಯಾರ ವ್ಯಾಪಾರ ಹೆಚ್ಚುತ್ತಿತ್ತು ಎಂಬುದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ.

ಅವಳ ಅಂಗಡಿಯೆಂದರೆ ಎರಡು ಕಟ್ಟಡಗಳ ನಡುವಿನ ಸಂದು, ಮೇಲೊಂದು ತಗಡು. ಕಾಲಲ್ಲಿ ತುಳಿದು ತಿರುಗಿಸುವ ಸಾಣೆಕಲ್ಲು, ಪಕ್ಕದಲ್ಲಿ ಎಣ್ಣೆ ಡಬ್ಬಿಯನ್ನು ಅರ್ಧಕ್ಕೆ ಕತ್ತರಿಸಿ ಮಾಡಿದ ನೀರಿನ ತೊಟ್ಟಿ. ಅಲಗನ್ನು ನಾಲ್ಕು ಸಲ ಕಲ್ಲಿಗೆ ಒಡ್ಡಿದರೆ ಒಂದು ಸಲ ನೀರಿಗೆ ಅದ್ದಬೇಕು. ಮರೆತರೆ ಉಕ್ಕು ಕಾದು ನೀಲಿಗಟ್ಟುತ್ತದೆ. ನೀಲಿಗಟ್ಟಿದ ಉಕ್ಕು ಹದ ಕಳೆದುಕೊಂಡ ಉಕ್ಕು. ನೋಡಲು ಚೂಪು, ಒತ್ತಿದರೆ ಬಾಗುತ್ತದೆ. "ಕಲಿಯೋರು ಬೇಯಿಸ್ತಾರೆ, ಕಲಿತೋರು ಅದ್ದುತ್ತಾರೆ" ಎಂದು ಅವಳಪ್ಪ ತಲೆಯ ಮೇಲೆ ಮೊಟಕಿ ಕಲಿಸಿದ್ದ.

ಅಪ್ಪ ಕಲಿಸದೆಯೂ ಅವಳಿಗೆ ಬಂದ ವಿದ್ಯೆ ಇನ್ನೊಂದಿತ್ತು. ಅಲಗು ಸವೆದ ಜಾಗ ನೋಡಿ ಮನೆಯ ಸಮಾಚಾರ ಹೇಳುತ್ತಿದ್ದಳು. ತರಕಾರಿ ಹೆಚ್ಚುವ ಚಾಕು ಹೊಟ್ಟೆಯಲ್ಲಿ, ಅಂದರೆ ಅಲಗಿನ ನಡುವೆ, ಸವೆಯುತ್ತದೆ. ಚಕ್ಕೆ ಎದ್ದಿದ್ದರೆ ಮೂಳೆ ಕಡಿದಿದ್ದಾರೆ. ಹಿಡಿಯ ಹತ್ತಿರ ಮೊಂಡಾಗಿದ್ದರೆ ಮಕ್ಕಳು ಪೆನ್ಸಿಲ್ ಕೆತ್ತಿದ್ದಾರೆ. ಮೊನೆ? ಅಡುಗೆ ಮಾಡುವವರಿಗೆ ಮೊನೆಯ ಗೊಡವೆಯೇ ಇಲ್ಲ. ಮೂವತ್ತೊಂದು ವರ್ಷದಲ್ಲಿ ಬರೀ ಮೊನೆ ಮಾಡಿಕೊಡಿ ಎಂದು ಕೇಳಿದವರು ಬೆರಳೆಣಿಕೆಯಷ್ಟು. ಅವರಲ್ಲಿ ಒಬ್ಬರೂ ಅಡುಗೆಯವರಾಗಿರಲಿಲ್ಲ.

ಬಸ್ ನಿಲ್ದಾಣದಲ್ಲಿ ಎರಡು ಹೆಣ ಬಿದ್ದ ವರ್ಷ ಹೊಸ ಕಾನೂನು ಬಂತು. ಹತ್ತು ಸೆಂಟಿಮೀಟರಿಗಿಂತ ಉದ್ದದ ಅಲಗು ಬೀದಿಯಲ್ಲಿ ಕಂಡರೆ ಜೈಲು. ಸಾಣೆ ಹಿಡಿಸಿದವರ ಹೆಸರು, ವಿಳಾಸ, ಉಪಯೋಗ ಪುಸ್ತಕದಲ್ಲಿ ಬರೆಯಬೇಕು. ಜಾರಿ ಮಾಡಲು ಬಂದ ಪೇದೆಯ ಜೇಬಿನಲ್ಲಿ ಸದಾ ಒಂದು ಸ್ಟೀಲ್ ಅಳತೆಪಟ್ಟಿ ಇರುತ್ತಿದ್ದುದರಿಂದ ಬೀದಿಯವರು ಅವನಿಗೆ ಸ್ಕೇಲ್ ಸಾಹೇಬ ಎಂದು ಹೆಸರಿಟ್ಟರು. ಒಳ್ಳೆಯ ಮನುಷ್ಯ. ಅಳೆಯಲು ಹೇಳಿದರು, ಅಳೆಯುತ್ತಿದ್ದ.

"ನೀವು ಉದ್ದ ನೋಡ್ತೀರಿ ಸಾಹೇಬ್ರೆ, ನಾನು ಮೊನೆ ನೋಡ್ತೀನಿ" ಎಂದಳು ಸಾಣೆಯಕ್ಕ.

"ಮೊನೆಗೆ ಅಳತೆ ಇಲ್ವಲ್ಲ ಅಕ್ಕ. ಕಾಗದದಲ್ಲಿ ಏನಂತ ಬರೀಲಿ?"

"ಈಗೇನು ಮಾಡ್ತಿದಾರೆ ಗೊತ್ತಾ? ಹನ್ನೆರಡು ಇದ್ದದ್ದನ್ನ ಕತ್ತರಿಸಿ ಒಂಬತ್ತೂವರೆ ಮಾಡ್ಕೊಡು ಅಂತ ಬರ್ತಾರೆ. ನೀವು ಚಾಪೆ ಕೆಳಗೆ ತೂರಿದ್ರೆ ಅವರು ರಂಗೋಲಿ ಕೆಳಗೆ ತೂರ್ತಾರೆ."

"ಆದ್ರೂ ಜೇಬಲ್ಲಿ ಇಟ್ಕೊಂಡು ತಿರುಗೋರು ಕಮ್ಮಿ ಆಗಿದಾರೆ. ಮೊನ್ನೆ ಇಬ್ಬರು ಹುಡುಗರು ಬಡಿದಾಡಿದ್ರು. ಇಬ್ಬರ ಹತ್ರಾನೂ ಚಾಕು ಇರಲಿಲ್ಲ. ಎರಡು ಹಲ್ಲು ಹೋದವು, ಅಷ್ಟೆ. ಹೋದ ವರ್ಷ ಆಗಿದ್ರೆ?"

ಸಾಣೆಯಕ್ಕ ಒಪ್ಪಿದಳು. ಹಲ್ಲು ಕಟ್ಟಿಸಬಹುದು.

ಪಾತ್ರೆ ಅಂಗಡಿಯವನ ತಂಗಿ ಬೀದಿಯ ಕೊನೆಯಲ್ಲಿ ಹೊಲಿಗೆ ಮಾಡುತ್ತಿದ್ದಳು. ಮುಂದಿನ ಕೋಣೆಯಲ್ಲಿ ಯಂತ್ರ, ಹಿಂದಿನದರಲ್ಲಿ ಗೋದಾಮಿನಲ್ಲಿ ಕೆಲಸ ಮಾಡುವ ಗಂಡನ ಜೊತೆ ಸಂಸಾರ. ತಿಂಗಳಿಗೊಮ್ಮೆ ಕತ್ತರಿಯ ಜೊತೆ ಅಡುಗೆಮನೆಯ ಸಣ್ಣ ಚಾಕುವನ್ನೂ ತರುತ್ತಿದ್ದಳು. ಅದರ ಹಿಡಿ ಸೀಳಿದ್ದರಿಂದ ನೀಲಿ ದಾರ ಸುತ್ತಿದ್ದಳು. ಚಾಕು ಅಣ್ಣನ ಅಂಗಡಿಯದೇ. ಒಂದು ತಿಂಗಳು ಅವಳು ತುಟಿ ಊದಿಸಿಕೊಂಡು ಬಂದಳು. ಬಾಗಿಲು ಬಡಿಯಿತು ಎಂದಳು. ಮುಂದಿನ ತಿಂಗಳು ಮೊಣಕೈ, ಆಗಲೂ ಬಾಗಿಲೇ.

"ನಿಮ್ಮ ಮನೆ ಬಾಗಿಲಿಗೆ ಗೋದಾಮಿನಲ್ಲಿ ಕೆಲಸ ಅಲ್ವೇನವ್ವ?" ಎಂದಳು ಸಾಣೆಯಕ್ಕ.

ಹೊಲಿಗೆಯವಳು ನಕ್ಕಳು, ಆಮೇಲೆ ಅತ್ತಳು. ಬೇರೆ ಕೋಣೆ ನೋಡಿದ್ದಾಳೆ. ಮುಂದಿನ ಸೋಮವಾರ ಬೀಗದ ಕೈ ಸಿಗುತ್ತದೆ. ಅಲ್ಲಿಯವರೆಗೆ ಗಂಡನಿಗೆ ಗೊತ್ತಾಗಬಾರದು.

ಮಂಗಳವಾರ ಮಧ್ಯಾಹ್ನ ಆ ನೀಲಿ ದಾರದ ಚಾಕು ಗಂಡನ ಕೈಯಲ್ಲಿ ಬಂತು. ಗೋದಾಮಿನ ಗುಮಾಸ್ತ, ಗರಿಗರಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕ್ರಾಪು, ಎಲ್ಲರಿಗೂ ಅಕ್ಕ-ಅಣ್ಣ ಎನ್ನುವ ಬಾಯಿ.

"ಅಕ್ಕ, ಸ್ವಲ್ಪ ಮೊನೆ ಮಾಡ್ಕೊಡಿ."

"ಅಲಗಿನ ಹೊಟ್ಟೆಗೂ ಸಾಣೆ ಹಿಡೀಲಾ?"

"ಬೇಡಕ್ಕ. ಮೊನೆ ಸಾಕು."

ಕೇಳದೆಯೇ ಅವನು ಪುಸ್ತಕ ಎಳೆದುಕೊಂಡು ಬರೆದ. ದುಂಡಾದ ಅಕ್ಷರ. ಹೆಸರು, ವಿಳಾಸ, ಅಲಗಿನ ಉದ್ದ ಒಂಬತ್ತು ಸೆಂಟಿಮೀಟರ್. ಉಪಯೋಗ ಎಂಬಲ್ಲಿ "ಮನೆ ಬಳಕೆ". ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

"ಬೇರೆ ಮನೆ ಮಾಡ್ತಾಳಂತಲ್ಲ, ನಿಮಗೂ ಹೇಳಿರಬೇಕು" ಎಂದ, ನಗುತ್ತಲೇ. "ಹೆಂಗಸರ ಹೊಟ್ಟೇಲಿ ಮಾತು ನಿಲ್ಲಲ್ಲ ನೋಡಿ."

ಸಾಣೆಯಕ್ಕನ ಕಾಲು ತುಳಿಯುವುದನ್ನು ನಿಲ್ಲಿಸಿತು. ಆಗಲ್ಲ ಎನ್ನಬಹುದಿತ್ತು. ಅಂದರೆ ಅವನು ಹಿಂದಿನ ಬೀದಿಯ ಕರೆಂಟು ಸಾಣೆಗೆ ಹೋಗುತ್ತಾನೆ. ಅಲ್ಲಿ ಯಾವ ಪ್ರಶ್ನೆಯೂ ಇಲ್ಲ. ಅದೂ ಮುಚ್ಚಿದ್ದರೆ ಮನೆಯ ಮೆಟ್ಟಿಲಿಗೆ ಉಜ್ಜಿಕೊಳ್ಳುತ್ತಾನೆ. ಮೆಟ್ಟಿಲಿಗೆ ಪುಸ್ತಕ ಇಡುವಂತೆ ಹೇಳುವ ಕಾನೂನು ಇನ್ನೂ ಬಂದಿಲ್ಲ. ಅವಳು ಮತ್ತೆ ತುಳಿಯತೊಡಗಿದಳು.

ಮೊನೆಯನ್ನು ಕಲ್ಲಿಗೆ ಒಡ್ಡಿದಳು. ನಾಲ್ಕಾಯಿತು, ಎಂಟಾಯಿತು, ನೀರಿನ ಕಡೆ ಕೈ ಹೋಗಲಿಲ್ಲ. ಕಿಡಿ ದಪ್ಪವಾಯಿತು. ಮೊನೆ ಮೊದಲು ಒಣಹುಲ್ಲಿನ ಬಣ್ಣಕ್ಕೆ, ಆಮೇಲೆ ಕಂದು ಬಣ್ಣಕ್ಕೆ, ಆಮೇಲೆ ನೀಲಿಗೆ ತಿರುಗಿತು. ಅವಳು ಬಿಡಲಿಲ್ಲ, ನೀಲಿಯೂ ಹೋಗಿ ಬೂದು ಬಣ್ಣ ಬರುವವರೆಗೆ ಒತ್ತಿಹಿಡಿದಳು. ತಲೆಯ ಮೇಲೆ ಅಪ್ಪ ಮೊಟಕಿದಂತಾಯಿತು. ಗುಮಾಸ್ತ ಬೀದಿಯಲ್ಲಿ ಹೋಗಿಬರುವವರನ್ನು ನೋಡುತ್ತ ನಿಂತಿದ್ದ. ಅವಳು ಮರಳುಕಾಗದದಲ್ಲಿ ಬಣ್ಣ ಉಜ್ಜಿ ತೆಗೆದು ಒರೆಸಿ ಕೊಟ್ಟಳು. ಅವನು ಹೆಬ್ಬೆರಳಿಗೆ ತಾಗಿಸಿ ನೋಡಿದ. ಒಂದು ಹನಿ ರಕ್ತ ಬಂತು.

"ನಿಮ್ಮ ಕೈ ಅಂದ್ರೆ ಕೈ ಅಕ್ಕ" ಎಂದು ಹೊರಟ.

ಅವಳಿಗೆ ಆ ರಕ್ತ ನೋಡಿ ಧೈರ್ಯ ಕುಸಿಯಿತು. ಬೆಂದ ಮೊನೆಯೂ ಮೊದಲ ಏಟಿಗೆ ಚೂಪೇ. ಪುಸ್ತಕ ಕಂಕುಳಲ್ಲಿಟ್ಟುಕೊಂಡು ಠಾಣೆಗೆ ನಡೆದಳು.

"ಉದ್ದ ಎಷ್ಟು?" ಎಂದ ಸ್ಕೇಲ್ ಸಾಹೇಬ.

"ಒಂಬತ್ತು."

"ಅಡುಗೆಮನೇದಾ?"

"ಹೂಂ."

"ಮತ್ತೆ ಯಾವ ಕಲಮು ಹಾಕ್ಲಿ ಹೇಳು? ಈ ಕಾನೂನು ಹೊಸ್ತಿಲು ದಾಟಿದ ಮೇಲೆ ಶುರು ಆಗೋದು."

"ಅವಳ ಮೈಮೇಲೆ ಕೈ ಮಾಡ್ತಾನೆ ಸಾಹೇಬ್ರೆ."

"ಅವಳು ಬಂದು ಬರೆದುಕೊಡಲಿ, ಇವತ್ತೇ ಕರೆಸ್ತೀನಿ."

"ಅವಳು ಸೋಮವಾರದ ತನಕ ಬಾಯಿ ಬಿಡಲ್ಲ. ನೀವು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕೋರು."

ಅವನು ಸಿಟ್ಟಾಗಲಿಲ್ಲ. ಆ ಬೀದಿಯಲ್ಲಿ ಎರಡು ಸುತ್ತು ಹೆಚ್ಚು ಹಾಕುತ್ತೇನೆ ಎಂದ. ಹಾಕಿದ ಕೂಡ. ಬೀದಿಯಿಂದ ನೋಡಿದರೆ ಎಲ್ಲ ಮನೆಗಳೂ ಒಂದೇ ತರಹ.

ಅಲ್ಲಿಂದ ಅವಳು ಪಾತ್ರೆ ಅಂಗಡಿಗೆ ಬಂದಳು.

"ತಮ್ಮಾ, ನಿನ್ನ ತಂಗೀನ ಇವತ್ತೇ ನಿಮ್ಮನೆಗೆ ಕರ್ಕೊಂಡು ಬಾ. ಅವಳು ಮನೆ ಬಿಡೋದು ಅವನಿಗೆ ಗೊತ್ತಾಗಿದೆ. ಮೊನೆ ಮಾಡಿಸ್ಕೊಂಡು ಹೋದ."

"ಗೋದಾಮಿನಲ್ಲಿ ಚೀಲ ಕೊಯ್ಯೋಕಿರಬೇಕು ಬಿಡಕ್ಕ."

"ಚೀಲ ಕೊಯ್ಯೋಕೆ ಅಡುಗೆಮನೆ ಚಾಕು ಯಾಕೆ?"

ಅಂಗಡಿಯವನು ನಕ್ಕ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನೂ ಹೇಳಿದ. ಒಂದು ಗುಲಗಂಜಿ ತೂಕದ ವ್ಯತ್ಯಾಸವನ್ನು ಕೈಯಲ್ಲೇ ಹಿಡಿದು ಹೇಳುವವನು, ತಂಗಿಯ ಗಂಡನನ್ನು ಮಾತ್ರ ಅಂಗಿಯ ಇಸ್ತ್ರಿ ನೋಡಿ ತೂಗಿದ್ದ.

ಬುಧವಾರ ಸಾಣೆಯಕ್ಕ ಕತ್ತರಿ ಕೇಳುವ ನೆವದಲ್ಲಿ ಹೊಲಿಗೆಯವಳ ಮನೆಗೆ ಹೋದಳು. ಗುರುವಾರ ಗುಂಡಿ ಹೊಲಿಸುವ ನೆವ. "ಅವನಿಗೆ ಗೊತ್ತಾಗಿದೆ, ಈಗಲೇ ನನ್ನ ಜೊತೆ ಬಾ" ಎಂದು ಅವಳ ಕಿವಿಯಲ್ಲಿ ಹೇಳಿದಳು. "ಬಟ್ಟೆ ಗಿರಾಕಿಗಳದ್ದು ಅಕ್ಕ, ಸೋಮವಾರಕ್ಕೆ ಎಲ್ಲ ಒಪ್ಪಿಸಿ ಬರ್ತೀನಿ" ಎಂದಳು ಅವಳು. ಗುಮಾಸ್ತ ಎರಡು ದಿನವೂ ಮನೆಯಲ್ಲೇ ಇದ್ದ, ರಜೆ ಹಾಕಿ. ನೀಲಿ ದಾರದ ಚಾಕು ತರಕಾರಿ ಬುಟ್ಟಿಯಲ್ಲಿರಲಿಲ್ಲ. ಸಾಣೆಯಕ್ಕ ಹೊರಡುವಾಗ ಅವನು ಬಾಗಿಲ ತನಕ ಬಂದು ಕಳಿಸಿಕೊಟ್ಟ.

ಶುಕ್ರವಾರ ಹನ್ನೊಂದು ಗಂಟೆಗೆ ಬೀದಿಯ ಕೊನೆಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತು. ಸಾಣೆಯಕ್ಕ ಚಕ್ರ ನಿಲ್ಲಿಸಿ ಕಿವಿಗೊಟ್ಟಳು. ಮತ್ತೆ ಶುರುವಾಗಲಿಲ್ಲ. ಅವಳು ಎದ್ದು ಓಡತೊಡಗಿದಳು. ಅರ್ಧ ದಾರಿಯಲ್ಲಿ ಹೊಲಿಗೆಯವಳೇ ಎದುರಾದಳು. ಕುತ್ತಿಗೆಯ ಕೆಳಗೆ ರವಿಕೆ ಒದ್ದೆಯಾಗಿತ್ತು, ಕೈಯಲ್ಲಿ ಅಳತೆಯ ಟೇಪು ಹಾಗೇ ಇತ್ತು. ಗಂಡ ಹಿಂದಿನಿಂದ ಬಂದು ಕುತ್ತಿಗೆಗೆ ಚಾಕು ಹಾಕಿದ್ದ. ಮೊನೆ ಹೆಗಲೆಲುಬಿಗೆ ತಾಗಿ ಮಡಚಿಕೊಂಡಿತು. ಅವನು ಚಾಕು ಹಿಂದಕ್ಕೆಳೆದು, ಇದೇನಾಯಿತು ಎಂದು ಮೊನೆಯನ್ನೇ ನೋಡುತ್ತ ನಿಂತ. ಅವನು ನೋಡುತ್ತಿದ್ದಷ್ಟು ಹೊತ್ತು ಅವಳಿಗೆ ತಪ್ಪಿಸಿಕೊಂಡು ಓಡಲು ಸಾಕಾಯಿತು. ಗಾಯಕ್ಕೆ ಏಳು ಹೊಲಿಗೆ ಬಿದ್ದವು.

ಸ್ಕೇಲ್ ಸಾಹೇಬ ಚಾಕು ಅಳೆದ. ಬೆಕ್ಕಿನ ಉಗುರಿನಂತೆ ಬಾಗಿದ ಮೊನೆಯನ್ನು ಬಿಟ್ಟರೆ ಎಂಟೂವರೆ.

"ಇದಕ್ಕೆ ಸಾಣೆ ಹಿಡಿದದ್ದು ನೀನೇನಾ?"

"ನಾನೇ ಸಾಹೇಬ್ರೆ. ಬೆಂದುಹೋಯ್ತು."

ಅವನು ಅವಳ ಮುಖ ನೋಡಿದ, ಚಾಕು ನೋಡಿದ, ಹಾಗೆಯೇ ಬರೆದುಕೊಂಡ. ಜೀಪಿನೊಳಗಿಂದ ಗುಮಾಸ್ತ ಇಡೀ ಬೀದಿಗೆ ಕೇಳುವಂತೆ ಕೂಗಿದ: "ಥೂ, ನಿನ್ನ ಕೆಲಸಕ್ಕಿಷ್ಟು! ನೋಡ್ರಯ್ಯಾ ಇವಳ ಸಾಣೆ!"

ಬೀದಿ ನೋಡಿತು. ಗಿರಾಕಿಗಳಲ್ಲಿ ಅರ್ಧ ಜನ ಹಿಂದಿನ ಬೀದಿಯ ಕರೆಂಟು ಸಾಣೆಗೆ ಹೋದರು. ಬೇಕೆಂದೇ ಬೇಯಿಸಿದೆ ಎಂದು ಅವಳು ಹೊಲಿಗೆಯವಳಿಗೂ ಅವಳ ಅಣ್ಣನಿಗೂ ಬಿಟ್ಟರೆ ಬೇರೆ ಯಾರಿಗೂ ಹೇಳಲಿಲ್ಲ. ಅಂಗಡಿಯವನು ಇದನ್ನು ಬರೆಯಲೇ ಎಂದು ಕೇಳಿದಾಗ, "ಅವನು ಹೊರಗೆ ಬರೋದು ಗ್ಯಾರಂಟಿ. ಬಂದು ಓದ್ಕೊಳ್ಳಲಿ" ಎಂದಳು.

ವರ್ಷದ ಕೊನೆಗೆ ಸ್ಕೇಲ್ ಸಾಹೇಬ ಲೆಕ್ಕ ತಂದ. ಬೀದಿಯಲ್ಲಿ ಚಾಕು ಹಾಕಿದ್ದು ಹದಿನಾಲ್ಕರಿಂದ ಒಂಬತ್ತಕ್ಕೆ ಇಳಿದಿತ್ತು.

"ಐದು ಜನ ಉಳಿದ್ರಲ್ಲ, ಅದೇನು ಸಣ್ಣದಲ್ಲ" ಎಂದಳು ಸಾಣೆಯಕ್ಕ. "ಮನೆಯೊಳಗಿಂದು?"

"ಆರಿತ್ತು."

"ಈಗ?"

"ಆರೇ."

 ಗುಮಾಸ್ತ ಮುಂದಿನ ತಿಂಗಳು ಬಿಡುಗಡೆಯಾಗುತ್ತಾನೆ ಎಂದು ಪೇದೆ ತಿಳಿಸಿ ಹೋದ. ಹೊಲಿಗೆಯವಳ ಹೊಸ ಕೋಣೆಗೆ ಸಾಣೆಯಕ್ಕ ಒಳಗಿನಿಂದ ಎರಡು ಚಿಲಕ ಹಾಕಿಸಿದಳು. ಈಗ ಯಂತ್ರದ ಸದ್ದು ಆ ಕೋಣೆಯಿಂದ ಬರುತ್ತದೆ. ನಡುವೆ ಒಮ್ಮೊಮ್ಮೆ ನಿಲ್ಲುತ್ತದೆ, ದಾರ ತುಂಡಾಗಿದ್ದಕ್ಕೋ ಏನೋ. ಆಗೆಲ್ಲ ಸಾಣೆಯಕ್ಕನ ಚಕ್ರವೂ ನಿಲ್ಲುತ್ತದೆ. ಸದ್ದು ಮತ್ತೆ ಶುರುವಾದ ಮೇಲೆಯೇ ಅವಳು ತುಳಿಯುತ್ತಾಳೆ.

ನನ್ನ ತಂಗಿ ಬದುಕಿರುವುದು ಸಾಣೆಯಕ್ಕನಿಂದ. ಅವಳು ಬಂದು ಹೇಳಿದ ದಿನ ನಾನು ನಕ್ಕೆ, ಅದಕ್ಕೆ ಇನ್ನೂ ಕ್ಷಮೆ ಕೇಳಿಲ್ಲ. ಇವೆರಡೂ ನನ್ನ ಮೇಲಿರುವ ಅವಳ ಋಣ.