ಮುಳ್ಳುಹೂವಿನ ಹೆಪ್ಪು

ಹಸಿದಲ್ಲೆಲ್ಲ ಅನ್ನವಾಗಿ ಎದುರು ನಿಂತ ಜಗನ್ಮಾತೆಗೆ ನಮಸ್ಕಾರ. ಯಾವ ನೆಲದ ನೀರು ಕುಡಿದೆನೋ ಆ ನೆಲಕ್ಕೆ, ಯಾರ ಕೈತುತ್ತು ಉಂಡೆನೋ ಆ ಕೈಗಳಿಗೆ ನನ್ನ ಕೃತಜ್ಞತೆ ಮೊದಲು ಸಲ್ಲಲಿ, ಮಾತು ಆಮೇಲೆ.

ಈ ಸಲದ ಮಹಾಲಯ ಪಕ್ಷದ ಒಂದು ಸಂಜೆ, ಕೊಯಮತ್ತೂರಿನ ಗಣಪತಿ ಬಡಾವಣೆಯ ನಮ್ಮ ಮನೆಯ ಮೆಟ್ಟಿಲಿಳಿದು ಒಂದು ವಾಸನೆ ಬಂತು. ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ ಹಾಸನದವಳು. ಇಲ್ಲಿಯ ಪಂಪು ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಬಿಸಿ ನೂಡಲ್ಸಿನ ಮೇಲೆ ಚೀಸ್ ತುರಿಯುತ್ತಿದ್ದಳು. ನಾನು ಮೆಟ್ಟಿಲ ಬುಡದಲ್ಲೇ ನಿಂತುಬಿಟ್ಟದ್ದನ್ನು ಕಂಡು, "ಗಾಬರಿಯಾಗ್ಬೇಡಿ ತಾತ, ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ಇದೆ!" ಎಂದು ನಕ್ಕಳು. ನಾನೂ ನಕ್ಕೆ. ಆದರೆ ಮನಸ್ಸು ಆಗಲೇ ಬಹುದೂರ ಹೋಗಿತ್ತು...

ಹಳೆಯ ಹಸ್ತಪ್ರತಿಗಳನ್ನು ಹುಳುವಿನಿಂದಲೂ ತೇವದಿಂದಲೂ ಕಾಪಾಡುವ ವಿದ್ಯೆಯನ್ನು ಕಲಿಯಲು ನಾನು ಯೌವನದಲ್ಲಿ ಒಂದು ವರ್ಷ ಇಟಲಿಯ ಸಿಯೆನಾ ನಗರದಲ್ಲಿದ್ದೆ. ಹೊರಡುವ ಮುನ್ನ ಅಜ್ಜಿ ನನ್ನ ಕೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡು ಮಾತು ಪಡೆದಿದ್ದರು. "ಎಲ್ಲಿ ಬೇಕಾದ್ರೂ ಇರು ಕಣ್ಣಾ. ಜೀವ ಕೊಂದದ್ದು ಬಾಯಿಗೆ ಹೋಗಬಾರ್ದು. ಕೃಷ್ಣನಿಗೆ ತೋರಿಸದೆ ಒಂದು ತುತ್ತೂ ಉಣ್ಣಬಾರ್ದು. ಸತ್ಯ ಮಾಡ್ಡಾ." ನಾನು ಮಾಡಿದ್ದೆ.

ನಾನಿದ್ದ ಮನೆಯ ಒಡತಿ ಅರವತ್ತು ದಾಟಿದ ವಿಧವೆ. ಕಪ್ಪು ಉಡುಪು, ಗಿಡ್ಡ ದೇಹ, ಬೀದಿಯ ತುದಿಗೂ ಕೇಳುವ ದನಿ. ಮಾಂಸ, ಮೀನು, ಮೊಟ್ಟೆ ಮುಟ್ಟೆನೆಂದು ಮೊದಲ ದಿನವೇ ತಿಳಿಸಿದಾಗ ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹಾಗಾದರೆ ನಿನಗೆ ವರ್ಷವೆಲ್ಲ ಶುಕ್ರವಾರ!" ಎಂದಿದ್ದರು. ಶುಕ್ರವಾರ ಅವರ ಮತದಲ್ಲಿ ಮಾಂಸ ಬಿಡುವ ದಿನ. ಅಂದಿನಿಂದ ಹುರುಳಿಕಾಯಿಯ ಬೀಜ, ಎಲೆಕೋಸು, ಹಳೆಯ ಬ್ರೆಡ್ಡು ಸೇರಿಸಿ ಕುದಿಸಿದ ಗಟ್ಟಿ ಸಾರು. ಹಿಟ್ಟು ನೀರಷ್ಟೇ ಕಲಸಿ, ಹಲಗೆಯ ಮೇಲೆ ಅಂಗೈಯಿಂದ ಹೊಸೆದ ದಪ್ಪ ಶ್ಯಾವಿಗೆ. ಅದನ್ನು ಅವರು ಪಿಚಿ ಎನ್ನುತ್ತಿದ್ದರು. ನನಗೆ ಅಜ್ಜಿ ಒತ್ತುತ್ತಿದ್ದ ಸಂದಗೆ, ನಮ್ಮ ಕಡೆಯ ಅಕ್ಕಿ ಶ್ಯಾವಿಗೆ, ನೆನಪಾಗುತ್ತಿತ್ತು. ಎಲ್ಲದರ ಮೇಲೂ ಕುರಿಹಾಲಿನ ಗಿಣ್ಣನ್ನು, ಅಂದರೆ ಚೀಸನ್ನು, ಧಾರಾಳವಾಗಿ ತುರಿಯುತ್ತಿದ್ದರು. ನಾನು ತಟ್ಟೆಯನ್ನು ಕೋಣೆಗೊಯ್ದು, ಕೃಷ್ಣನ ಪಟದ ಮುಂದಿಟ್ಟು, ನಿವೇದಿಸಿ, ತಂದು ಉಣ್ಣುತ್ತಿದ್ದೆ. ಹಾಲಲ್ಲವೇ? ಗೋಕುಲದವನಿಗೆ ಹಾಲಿನದಕ್ಕಿಂತ ಪ್ರಿಯವಾದುದು ಯಾವುದು!

ಹೀಗೆ ನಾಲ್ಕು ತಿಂಗಳು ಕಳೆದವು. ಒಂದು ಮಧ್ಯಾಹ್ನ ಅಜ್ಜಿಗೆ ಕಾಗದ ಬರೆಯುತ್ತ, ಅಡುಗೆಮನೆಯತ್ತ ಕೂಗಿ ಕೇಳಿದೆ: "ಅಮ್ಮ, ಈ ಗಿಣ್ಣಿಗೆ ಹೆಪ್ಪು ಯಾವುದು? ನಮ್ಮಲ್ಲಿ ಮೊಸರಿಗೆ ಮೊಸರೇ ಹೆಪ್ಪು."

ತುರಿಯುವ ಸದ್ದು ನಿಂತಿತು. ಆಕೆ ಬಾಗಿಲಿಗೆ ಬಂದು, ಏಪ್ರನ್ನಿಗೆ ಕೈ ಒರೆಸಿಕೊಂಡರು. ನನಗೆ ತಿಳಿಯದು ಎಂಬುದು ಅವರಿಗೆ ಗೊತ್ತಿತ್ತು. ಉಪ್ಪು ಎನ್ನಬಹುದಿತ್ತು, ನಿಂಬೆರಸ ಎನ್ನಬಹುದಿತ್ತು.

"ಕುರಿಮರಿಯ ಹೊಟ್ಟೆಯದು ಮಗಾ," ಎಂದರು. "ಕೊಯ್ದ ಮರಿಯ ಹೊಟ್ಟೆಯ ರಸವೇ ಹಾಲನ್ನು ಹೆಪ್ಪುಗಟ್ಟಿಸುವುದು. ಶುಕ್ರವಾರ ನಾವೂ ಗಿಣ್ಣು ತಿನ್ನುತ್ತೇವಲ್ಲ... ಇದೂ ನಿನಗೆ ಬೇಡದ್ದು ಅಂತ ನನಗೆ ಹೊಳೆಯಲೇ ಇಲ್ಲ."

ಕೊಟ್ಟ ಮಾತು ಮುರಿದಿತ್ತು. ಅದಕ್ಕಿಂತ ಹೆಚ್ಚಾಗಿ, ಅದನ್ನೇ ದಿನವೂ ದೇವರ ಮುಂದಿಟ್ಟಿದ್ದೆ. ಎರಡು ದಿನ ಕೋಣೆಯಲ್ಲಿ ಹಣ್ಣು ಮಾತ್ರ ತಿಂದೆ. ಇನ್ನು ಆ ಮೇಜಿಗೆ ಕೂರಲಾರೆನೆಂದು, ಬೇರೆ ಮನೆ ಹುಡುಕುವುದೆಂದು ನಿಶ್ಚಯಿಸಿದ್ದೆ.

ಮೂರನೆಯ ಬೆಳಗ್ಗೆ ಆಕೆ ಕೈಚೀಲ ಹಿಡಿದು ಬಾಗಿಲು ತಟ್ಟಿದರು. "ಚಪ್ಪಲಿ ಹಾಕು. ನನ್ನಮ್ಮನ ಕಾಲದಲ್ಲಿ ಗಿಡದ ಹೆಪ್ಪೂ ಇತ್ತು. ಯಾರ ಬಳಿಯಾದರೂ ಇರಲೇಬೇಕು."

ಆ ಊರನ್ನು ನಾನು ನಿಜವಾಗಿ ಕಂಡದ್ದು ಅಂದು. ಇಟ್ಟಿಗೆಯ ಕಿರುದಾರಿಗಳನ್ನು ಹತ್ತಿ ಇಳಿದೆವು. ಕಪ್ಪುಬಿಳಿ ಪಟ್ಟೆಗಳ ದೊಡ್ಡ ಚರ್ಚಿನ ಮುಂದೆ ಆಕೆ ನಿಂತು ಶಿಲುಬೆ ಗುರುತು ಹಾಕಿಕೊಂಡರು. ಚಿಪ್ಪಿನಂತೆ ತಗ್ಗಾಗಿ ಹರಡಿದ ಚೌಕದಲ್ಲಿ ಇಬ್ಬರೂ ಕುಳಿತು ಉಸಿರು ಸುಧಾರಿಸಿಕೊಂಡೆವು. ಒಂದೊಂದು ಅಂಗಡಿಯಲ್ಲೂ ಅದೇ ಪ್ರಶ್ನೆ. ಒಬ್ಬ ಅಂಗಡಿಯವ ನನ್ನತ್ತ ಗಲ್ಲ ತೋರಿ, "ಏನಜ್ಜಿ, ಹುಲ್ಲು ಮೇಯುವವನನ್ನು ಸಾಕಿದ್ದೀಯಾ?" ಎಂದ.

"ಹೌದು," ಎಂದರು ಆಕೆ. "ನಿನ್ನ ಹಾಗೆ ಒದೆಯುವುದಿಲ್ಲ."

ಹನ್ನೊಂದೋ ಹನ್ನೆರಡೋ ಅಂಗಡಿ ಮುಗಿದ ಮೇಲೆ, ಊರಬಾಗಿಲ ಹೊರಗೆ ಹಳ್ಳಿಯಿಂದ ಗಿಣ್ಣು ಮಾರಲು ಬಂದು ಕುಳಿತಿದ್ದ ಮುದುಕಿಯೊಬ್ಬಳು ಇದೆಯೆಂದು ತಲೆಯಾಡಿಸಿದಳು. ಕಾಗದದ ಪೊಟ್ಟಣ ಬಿಚ್ಚಿ ತೋರಿಸಿದಳು: ಒಣಗಿದ ಮುಳ್ಳುಗಿಡದ ಹೂವಿನ ನೇರಳೆ ಎಸಳುಗಳು. ಅವನ್ನು ನೀರಿನಲ್ಲಿ ನೆನೆಸಿ, ಆ ನೀರಿನಿಂದಲೇ ಹಾಲು ಒಡೆಸುತ್ತಾಳಂತೆ. ನಮ್ಮ ಮನೆಯೊಡತಿ ನಂಬಲಿಲ್ಲ. "ಇವನು ಇದನ್ನು ದೇವರಿಗೆ ಇಡುತ್ತಾನೆ. ಸುಳ್ಳು ಹೇಳಿದರೆ ಪಾಪ ನಿನ್ನದು," ಎಂದು ಗದರಿಸಿ, ಅವಳು ಎದೆ ಮುಟ್ಟಿ ಆಣೆ ಮಾಡಿದ ಮೇಲೆಯೇ ಗಿಣ್ಣನ್ನು ಕೊಂಡರು.

ಅಂದು ತಟ್ಟೆ ನನ್ನ ಕೋಣೆಗೆ ಹೋದಾಗ ಆಕೆಯೂ ಹಿಂದೆ ಬಂದು ಹೊಸ್ತಿಲಲ್ಲಿ ನಿಂತರು. ನೈವೇದ್ಯ ಮುಗಿಯುವವರೆಗೆ ತಲೆ ಬಾಗಿಸಿಯೇ ಇದ್ದರು. "ಒಪ್ಪಿದನೇ?" ಎಂದು ಪಿಸುಗುಟ್ಟಿದರು. ನಾನು ತಟ್ಟೆ ಹಿಡಿದು ಅವರ ಮೇಜಿಗೆ ನಡೆದೆ. ಆ ಗಿಣ್ಣಿಗೆ ಸಣ್ಣ ಕಹಿಯಿತ್ತು, ಹಿತವಾದ ಕಹಿ...

ಊರಿಗೆ ಮರಳಿ ಅಜ್ಜಿಯ ಮುಂದೆ ಎಲ್ಲವನ್ನೂ ಒಪ್ಪಿಸಿದೆ. ಪಂಚಗವ್ಯ ಕುಡಿಸಿದರು, ಹೊಸ ಜನಿವಾರ ಹಾಕಿಸಿದರು. ಕೊನೆಗೆ ಹೇಳಿದರು: "ಪಾವಂ ಡಾ, ಪಾಪ ಆ ಅಮ್ಮ. ಬಾಯಿ ಮುಚ್ಚಿಕೊಂಡಿದ್ರೆ ಯಾರಿಗೆ ತಿಳೀತಿತ್ತು? ಅವರ ಕೈಯಡುಗೆ ನಮ್ಮ ಮಡಿಗಿಂತ ಮೇಲು, ಹೋಗು."

ನಾನು ಮರಳಿದ ಏಳೆಂಟು ವರ್ಷಕ್ಕೆ ಆಕೆ ತೀರಿಕೊಂಡ ಸುದ್ದಿ ಅವರ ತಂಗಿಯ ಮಗಳ ಕಾಗದದಲ್ಲಿ ಬಂತು. ಮತ್ತೊಮ್ಮೆ ಹೋಗಿ ಕಾಲು ಮುಟ್ಟಬೇಕೆಂದಿದ್ದೆ... ಆಗಲಿಲ್ಲ. ಪ್ರತಿ ಮಹಾಲಯದಲ್ಲೂ ಬಂಧುಗಳಲ್ಲದ ಆಪ್ತರಿಗೂ ಎಳ್ಳುನೀರು ಬಿಡುವ ಘಟ್ಟ ಬಂದಾಗ ಆಕೆಯ ನೆನಪಾಗುತ್ತಿತ್ತು. ಬೇರೆ ಮತದವರಲ್ಲವೇ ಎಂಬ ಸಂಕೋಚ ನಾಲಗೆಯನ್ನು ಕಟ್ಟುತ್ತಿತ್ತು.

ಈ ಅಮಾವಾಸ್ಯೆಯಂದು ಪೇರೂರಿನಲ್ಲಿ, ನೊಯ್ಯಲ್ ನದಿಯ ದಂಡೆಯ ಮೆಟ್ಟಿಲ ಮೇಲೆ, ಇನ್ನೊಬ್ಬರಿದ್ದಾರೆ ಎಂದೆ. ಪುರೋಹಿತರು ದರ್ಭೆ ಸರಿಪಡಿಸುತ್ತ ಕೇಳಿದರು: "ಯಾರು ಮಾಮಾ? ಏನು ಉರವು, ಏನು ಸಂಬಂಧ?"

"ಉರವು ಇಲ್ಲ. ಅನ್ನ ಹಾಕಿದವರು."

"ಗೋತ್ರ?"

"ತಿಳಿಯದು."

"ತಿಳಿಯದಿದ್ರೆ ಕಾಶ್ಯಪ ಅನ್ನಿ. ಹೆಸರು ಹೇಳಿ, ನೀರು ಬಿಡಿ."

ಹೆಸರನ್ನು ನದಿಗಷ್ಟೇ ಕೇಳುವಂತೆ ಹೇಳಿದೆ. ಎಳ್ಳು ಬೆರಳುಗಳ ನಡುವಿನಿಂದ ಜಾರಿ ಹೋಯಿತು. ಹೊಸ್ತಿಲಲ್ಲಿ ತಲೆ ಬಾಗಿಸಿ ನನ್ನ ದೇವರಿಗಾಗಿ ಕಾದವರ ದೇವರು, ಈ ಒಂದು ಬೊಗಸೆ ನೀರಿಗೆ ಮುನಿಯಲಾರನೆಂದು ನಂಬಿದ್ದೇನೆ.

ನಿಜ ಹೇಳಿದ ಆ ತಾಯಿಗೆ ಸದ್ಗತಿಯಿರಲಿ. ಹೂವಿನಿಂದ ಹಾಲು ಒಡೆಸಿದ ಮುದುಕಿಗೆ, ಹಾಸ್ಯ ಮಾಡಿದ ಅಂಗಡಿಯವನಿಗೆ, ಕ್ಷಮಿಸಿದ ಅಜ್ಜಿಗೆ, ಮಹಡಿಯ ಮಗಳಿಗೆ, ಎಲ್ಲರಿಗೂ ಒಳಿತಾಗಲಿ. ಅವರವರ ಮನೆಯ ಒಲೆ ಆರದಿರಲಿ.